ವಿಜ್ಞಾನ ಶಿಕ್ಷಕರ ನಾಲ್ಕು ಪುಟದ ಸುದ್ದಿ ಪತ್ರ: ಒಂದು ವರ್ಷ ತರಿಸಿ ಓದಿದ ಮೇಲೆ

ಪ್ರತಿ ತಿಂಗಳು 25ರ ಆಸುಪಾಸಿಗೆ ನಮ್ಮ ಶಾಲೆಗೆ ಒಂದು ಮಡಚಿದ ಹಾಳೆ ಅಂಚೆಯಲ್ಲಿ ಬರುತ್ತದೆ. ದೊಡ್ಡ ಹಾಳೆ, ನಡುವೆ ಒಂದು ಮಡಿಕೆ, ಒಟ್ಟು ನಾಲ್ಕು ಪುಟ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹೈಸ್ಕೂಲ್ ವಿಜ್ಞಾನ ಶಿಕ್ಷಕರಿಗಾಗಿ ಕೆಲವು ಶಿಕ್ಷಕರೇ ಸೇರಿ ಮಾಡುವ ಸುದ್ದಿ ಪತ್ರ ಇದು. ಮುಂದಿನ ತಿಂಗಳು ಎಲ್ಲಿ ಏನಿದೆ, ಯಾವುದಕ್ಕೆ ಯಾವತ್ತು ಕೊನೆಯ ದಿನ, ಯಾವ ಶಾಲೆಯಲ್ಲಿ ಯಾರು ಏನು ಮಾಡಿದರು, ಇಷ್ಟೇ ವಿಷಯ. ವರ್ಷದ ಚಂದಾ 150 ರೂಪಾಯಿ. ಅದೇ ದುಡ್ಡಿನಲ್ಲಿ ಎರಡು ತಿಂಗಳಿಗೊಮ್ಮೆ ನಡೆಯುವ ಶನಿವಾರದ ಸಭೆಗೂ ಹೋಗಬಹುದು. ನಡೆಸುವ ನಾಲ್ಕೈದು ಜನ ನೌಕರಿಯಲ್ಲಿದ್ದಾರೆ, ಹೆಸರು ಬೇಡ ಅಂದರು, ಹಾಗಾಗಿ ನಾನು ಹಾಕುತ್ತಿಲ್ಲ. ಈ ಮೂರು ಜಿಲ್ಲೆಯವರಾದರೆ ನಿಮ್ಮ ತಾಲೂಕಿನ ಹಿರಿಯ ವಿಜ್ಞಾನ ಶಿಕ್ಷಕರನ್ನು ಕೇಳಿ, ಯಾರ ಹತ್ತಿರವಾದರೂ ಒಂದು ಪ್ರತಿ ಇರುತ್ತದೆ.

ನಾನು ಲಕ್ಷ್ಮೇಶ್ವರದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಿಬಿಝೆಡ್ ಟೀಚರು, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದವಳು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಸಿಎಂ ಹುದ್ದೆ ಎರಡು ವರ್ಷದಿಂದ ಖಾಲಿ ಇದೆ. ಅಂದರೆ ಜೀವಶಾಸ್ತ್ರ ಓದಿ ಬಂದವಳು ಈಗ ಓಮ್‌ನ ನಿಯಮವನ್ನೂ ಹೇಳುತ್ತೇನೆ, ಮಸೂರಗಳನ್ನೂ ಹೇಳುತ್ತೇನೆ. ಸುತ್ತ ಹತ್ತು ಕಿಲೋಮೀಟರಿನಲ್ಲಿ ನನ್ನ ವಿಷಯದವರು ಇನ್ನೊಬ್ಬರಿಲ್ಲ. ಸಂಶಯ ಬಂದರೆ ಯಾರನ್ನು ಕೇಳಬೇಕು? ಈ ಹಾಳೆ ನನಗೆ ಯಾಕೆ ಇಷ್ಟು ಮುಖ್ಯ ಆಯಿತು ಅನ್ನುವುದು ಇಲ್ಲಿಂದಲೇ ಶುರುವಾಗುತ್ತದೆ.

ಇದಕ್ಕೂ ಮೊದಲಿನ ಒಂದು ಘಟನೆ ಹೇಳಬೇಕು. ನಮ್ಮ ಒಂಬತ್ತನೇ ತರಗತಿಯ ಒಬ್ಬ ಹುಡುಗಿ, ಮನೆಯಲ್ಲಿ ಮೆಣಸಿನಕಾಯಿ ಬೆಳೆಯುತ್ತಾರೆ. ಕಣದಲ್ಲಿ ಒಣಗಲು ಹಾಕಿದ ಮೆಣಸಿನಕಾಯಿ ಮೇಲೆ ಮಳೆ ಬಿದ್ದರೆ ಬಣ್ಣ ಹೋಗುತ್ತದೆ, ರೇಟೂ ಹೋಗುತ್ತದೆ. ಮಳೆ ಹನಿ ಬಿದ್ದ ಕೂಡಲೇ ತಾಡಪತ್ರಿ ತಾನಾಗಿಯೇ ಎಳೆದುಕೊಳ್ಳುವ ಹಾಗೆ ಅವಳು ಒಂದು ಮಾದರಿ ಮಾಡಿದ್ದಳು. ಒಂದು ಡಬ್ಬಿ, ಹಗ್ಗ, ಹಳೆಯ ಸೈಕಲ್ ಗಾಲಿ. ಡಬ್ಬಿಯಲ್ಲಿ ನೀರು ತುಂಬಿ ಭಾರವಾದರೆ ಕೊಂಡಿ ಬಿಡುತ್ತದೆ, ಗಾಲಿ ತಿರುಗುತ್ತದೆ. ಮಕ್ಕಳ ಐಡಿಯಾಗಳ ಒಂದು ಸ್ಪರ್ಧೆಗೆ ಅದನ್ನು ಕಳಿಸೋಣ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಕೊನೆಯ ದಿನ ಮುಗಿದು ನಾಲ್ಕು ದಿನ ಆಗಿತ್ತು. ನನಗೆ ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಆ ಹುಡುಗಿ ಏನೂ ಅನ್ನಲಿಲ್ಲ. ಡಬ್ಬಿ ಎತ್ತಿಕೊಂಡು ಮನೆಗೆ ಹೋದಳು. ಅವಳೀಗ ಪಿಯುಸಿಯಲ್ಲಿದ್ದಾಳೆ, ಕಾಮರ್ಸ್. ಆ ದಿನ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಅದಾದ ಮೇಲೆಯೇ ನಾನು ಈ ಪತ್ರಕ್ಕೆ ಚಂದಾ ಕಟ್ಟಿದ್ದು.

ಈಗ ಪತ್ರದ ವಿಷಯಕ್ಕೆ ಬರುತ್ತೇನೆ. ಮೊದಲ ಪುಟ ಪೂರ್ತಿ ದಿನಾಂಕಗಳು. ಮೂರು ಕಾಲಂ ಇರುತ್ತವೆ: ಯಾವತ್ತು, ಯಾವ ತರಗತಿಗೆ, ಈಗಲೇ ಮಾಡಬೇಕಾದದ್ದು ಏನು. ಮೊದಲೆರಡು ಕಾಲಂ ಯಾವ ಸುತ್ತೋಲೆಯಲ್ಲಾದರೂ ಸಿಗುತ್ತವೆ. ಮೂರನೆಯದು ಮಾತ್ರ ಶಾಲೆಯಲ್ಲಿ ಪಾಠ ಮಾಡಿದವರಿಗಷ್ಟೇ ಬರೆಯಲು ಬರುತ್ತದೆ. ಇನ್‌ಸ್ಪೈರ್ ಅವಾರ್ಡ್-ಮಾನಕ್, ಅಂದರೆ ಮಕ್ಕಳ ಹೊಸ ಐಡಿಯಾಗಳಿಗೆ ಕೇಂದ್ರ ಸರ್ಕಾರ ಕೊಡುವ ಪ್ರಶಸ್ತಿ, ತೆಗೆದುಕೊಳ್ಳಿ. ಒಂದು ಶಾಲೆಯಿಂದ ಐದು ಮಕ್ಕಳ ಐಡಿಯಾ ಕಳಿಸಬಹುದು, ಆಯ್ಕೆಯಾದ ಮಗುವಿನ ಬ್ಯಾಂಕ್ ಖಾತೆಗೆ 10,000 ರೂಪಾಯಿ ಬರುತ್ತದೆ, ಇದು ನಮಗೆಲ್ಲ ಗೊತ್ತು. ಪತ್ರದ ಮೂರನೇ ಕಾಲಂನಲ್ಲಿ ಏನಿತ್ತು ಅಂದರೆ: ಮಗುವಿನ ಹೆಸರು ಆಧಾರ್‌ನಲ್ಲಿ, ಪಾಸ್‌ಬುಕ್ಕಿನಲ್ಲಿ, ಶಾಲೆಯ ದಾಖಲೆಯಲ್ಲಿ ಒಂದೇ ಥರ ಇದೆಯಾ ಇವತ್ತೇ ನೋಡಿ, ಇಲ್ಲದಿದ್ದರೆ ಪಾಲಕರಿಗೆ ಈ ವಾರವೇ ಹೇಳಿ ಕಳಿಸಿ. ನಾನು ನೋಡಿದೆ. ಐದು ಮಕ್ಕಳಲ್ಲಿ ಇಬ್ಬರ ಹೆಸರಿನ ಮುಂದೆ ಒಂದು ಕಡೆ ಅಪ್ಪನ ಹೆಸರಿತ್ತು, ಇನ್ನೊಂದು ಕಡೆ ಇರಲಿಲ್ಲ. ಸರಿ ಮಾಡಿಸಲು ಮೂರು ವಾರ ಹಿಡಿಯಿತು. ಆ ಮೂರು ವಾರ ನನ್ನ ಕೈಯಲ್ಲಿ ಇತ್ತಲ್ಲ, ಅದಕ್ಕೆ ನಾನು 150 ರೂಪಾಯಿ ಕೊಟ್ಟದ್ದು.

ವಿಜ್ಞಾನ ವಿಚಾರಗೋಷ್ಠಿಗೂ ಹಾಗೇ. 8ರಿಂದ 10ನೇ ತರಗತಿಯ ಮಕ್ಕಳು ಒಂದು ವಿಷಯದ ಮೇಲೆ ಪೋಸ್ಟರ್ ಇಟ್ಟುಕೊಂಡು ಆರು ನಿಮಿಷ ಮಾತಾಡಬೇಕು. ನಾವೆಲ್ಲ ಮಾಡುವ ತಪ್ಪು ಏನು? ಹತ್ತು ಪುಟ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತೇವೆ. ಪತ್ರದಲ್ಲಿ ಬರೆದಿದ್ದರು: ಇವತ್ತೇ ಮೊಬೈಲಿನಲ್ಲಿ ಆರು ನಿಮಿಷ ಇಟ್ಟು ಓದಿಸಿ, ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದಿನದೆಲ್ಲ ಹೊಡೆದು ಹಾಕಿ, ಆಮೇಲೆ ಮಗುವಿಗೇ ಅದರ ಮಾತಿನಲ್ಲಿ ಹೇಳಲು ಬಿಡಿ. ಮಕ್ಕಳ ವಿಜ್ಞಾನ ಸಮಾವೇಶಕ್ಕೆ, ಅಂದರೆ 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಒಂದು ಸಮಸ್ಯೆ ಹಿಡಿದು ಅಧ್ಯಯನ ಮಾಡುವ ಕಾರ್ಯಕ್ರಮಕ್ಕೆ, ಮೂರು ತಿಂಗಳು ಮೊದಲೇ ಒಂದು ಸಾಲು ಹಾಕಿದ್ದರು. ಒಂದು ನೋಟ್‌ಬುಕ್ ಕೊಡಿ, ಮೊದಲ ದಿನದಿಂದ ದಿನಾಂಕ ಹಾಕಿ ಬರೆಯಲು ಹೇಳಿ. ಕೊನೆಯ ವಾರದಲ್ಲಿ ಕೂತು ಬರೆದ ದಿನಚರಿ ನೋಡಿದರೆ ಗೊತ್ತಾಗಿಬಿಡುತ್ತದೆ ಅಲ್ವಾ, ಎಲ್ಲ ಪುಟಕ್ಕೂ ಒಂದೇ ಪೆನ್ನು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಶೂನ್ಯ ನೆರಳಿನ ದಿನದ ಬಗ್ಗೆ ಜುಲೈನಲ್ಲಿ ಬಂದ ಸಂಚಿಕೆ. ವರ್ಷಕ್ಕೆ ಎರಡು ಸಲ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಂತ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ನಮ್ಮ ಭಾಗಕ್ಕೆ ಒಂದು ಸಲ ಮೇ ತಿಂಗಳ ಮೊದಲ ದಿನಗಳಲ್ಲಿ, ಇನ್ನೊಂದು ಸಲ ಆಗಸ್ಟ್ ಎರಡನೇ ವಾರದಲ್ಲಿ. ಮೇ ತಿಂಗಳಿನಲ್ಲಿ ಆಕಾಶ ಸ್ವಚ್ಛ, ಆದರೆ ಶಾಲೆಗೆ ರಜೆ. ಆಗಸ್ಟಿನಲ್ಲಿ ಶಾಲೆ ಇದೆ, ಆದರೆ ಮೋಡ. ಹಾಗಾಗಿ ನಮ್ಮಲ್ಲಿ ಬಹಳ ಜನ ಇದನ್ನು ಪಟದಲ್ಲಷ್ಟೇ ತೋರಿಸುತ್ತಾ ಬಂದಿದ್ದೇವೆ.

ಪತ್ರದಲ್ಲಿ ಊರೂರಿಗೆ ಬೇರೆ ಬೇರೆ ದಿನ, ಬೇರೆ ಬೇರೆ ಸಮಯ ಕೊಟ್ಟಿದ್ದರು. ಧಾರವಾಡ, ಗದಗಕ್ಕೆ ಆಗಸ್ಟ್ 10ರ ಸುಮಾರು. ನಮ್ಮ ಲಕ್ಷ್ಮೇಶ್ವರಕ್ಕೆ 11. ಹಾವೇರಿಗೆ 12. ಆಗಸ್ಟಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿಯುತ್ತಿರುತ್ತಾನಲ್ಲ, ಅದಕ್ಕೆ ದಕ್ಷಿಣದ ಊರಿಗೆ ಆಮೇಲೆ ಬರುತ್ತಾನೆ. ಮೇ ತಿಂಗಳಿನಲ್ಲಿ ಇದು ಉಲ್ಟಾ. ಸಮಯ ಕೂಡ 12 ಗಂಟೆಗಲ್ಲ! ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ಧಾರವಾಡ ಇರುವುದು 75 ಡಿಗ್ರಿಯ ಹತ್ತಿರ. ಏಳೂವರೆ ಡಿಗ್ರಿ ವ್ಯತ್ಯಾಸ, ಡಿಗ್ರಿಗೆ ನಾಲ್ಕು ನಿಮಿಷ, ಅಂದರೆ ಅರ್ಧ ಗಂಟೆ. ಆಗಸ್ಟಿನಲ್ಲಿ ಅದರ ಮೇಲೆ ಇನ್ನೂ ಐದು ನಿಮಿಷ ಸೇರುತ್ತದೆ. ಹಾಗಾಗಿ ಧಾರವಾಡದಲ್ಲಿ 12:35ಕ್ಕೆ, ಪೂರ್ವಕ್ಕಿರುವ ಗದಗಿನಲ್ಲಿ ಸುಮಾರು ಎರಡೂವರೆ ನಿಮಿಷ ಮೊದಲು. ನಾನು ಎಷ್ಟೋ ವರ್ಷ ಮಕ್ಕಳನ್ನು 12ಕ್ಕೆ ಬಿಸಿಲಿನಲ್ಲಿ ನಿಲ್ಲಿಸಿ ಇದೇ ಅತಿ ಚಿಕ್ಕ ನೆರಳು ಅಂತ ಹೇಳಿಕೊಟ್ಟಿದ್ದೆ. ಅದು ತಪ್ಪಾಗಿತ್ತು. ತಿದ್ದಿಕೊಂಡೆ.

ಮೋಡಕ್ಕೂ ಅವರು ದಾರಿ ಹೇಳಿದ್ದರು. ಸೂರ್ಯ ದಿನಕ್ಕೆ ಸರಿಯುವುದು ಒಂದು ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಒಂದು ದಿನ ಆಚೀಚೆ ಆದರೂ ಒಂದು ಮೀಟರ್ ಕೋಲಿಗೆ ಅರ್ಧ ಸೆಂಟಿಮೀಟರ್ ನೆರಳು ಬೀಳುತ್ತದೆ ಅಷ್ಟೇ. ಚಿಕ್ಕ ಬಾಟಲಿ ಇಟ್ಟರೆ ಮಕ್ಕಳ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದ್ದರಿಂದ ಹಿಂದಿನ ದಿನ, ಆ ದಿನ, ಮರುದಿನ, ಮೂರೂ ದಿನ ತಯಾರಾಗಿರಿ. ನಮಗೆ 10ರಂದು ಪೂರ್ತಿ ಮೋಡ. 11ರಂದು 12:20ರ ತನಕ ಮೋಡ, ಆಮೇಲೆ ಹತ್ತಿಯ ಹಾಗೆ ಒಡೆಯಿತು. ಅಂಗಳದಲ್ಲಿ ಒಂದು ಕೊಳವೆ, ಅದರ ಪಕ್ಕ ನೆಟ್ಟಗಿದೆಯಾ ನೋಡಲು ಕಲ್ಲು ಕಟ್ಟಿದ ದಾರ, ನಾಲ್ಕು ಸ್ಟೀಲ್ ಲೋಟ. 12:33ಕ್ಕೆ ನೆರಳು ಮಾಯ! ಎಂಟನೇ ತರಗತಿಯ ಹುಡುಗನೊಬ್ಬ ತನ್ನ ಕಾಲ ಕೆಳಗೆ ನೋಡಿ "ಅಕ್ಕೋರೇ, ನಾ ಎಲ್ಲಿ ಹೋದೆ" ಅಂದ. ಬಿಸಿಯೂಟದ ಅಡುಗೆಯವರೂ ಹೊರಗೆ ಬಂದು ನೋಡಿದರು.

ಮುಂದಿನ ಸಂಚಿಕೆಯಲ್ಲಿ ಎಷ್ಟು ಶಾಲೆಗಳಿಗೆ ಕಂಡಿತು, ಎಷ್ಟಕ್ಕೆ ಮೋಡ ಅಡ್ಡ ಬಂತು ಅಂತ ಊರಿನ ಹೆಸರಿನ ಸಮೇತ ಹಾಕಿದ್ದರು. ಮಲೆನಾಡಿನ ಅಂಚಿನ ಶಾಲೆಗಳಿಗೆಲ್ಲ ಮಳೆ. ನಮ್ಮ ಬಯಲು ಸೀಮೆಯವರಿಗೆ ಅಲ್ಲಲ್ಲಿ ಸಿಕ್ಕಿತ್ತು. ಅದನ್ನೇ ಇಟ್ಟುಕೊಂಡು ನಾನು ಮಳೆ ನೆರಳಿನ ಪ್ರದೇಶದ ಪಾಠ ಮಾಡಿದೆ.

ಎರಡನೇ ಪುಟ ಒಂದು ಪ್ರಯೋಗಕ್ಕೆ ಮೀಸಲು. ಸಾಮಾನು ನಮ್ಮ ಕಡೆ ಸಿಗುವಂಥದ್ದೇ ಇರಬೇಕು ಅನ್ನುವುದು ಅವರ ನಿಯಮ. ಬ್ಯಾಡಗಿ ಮೆಣಸಿನಕಾಯಿ ಪುಡಿಯನ್ನು ಒಂದು ಪ್ರನಾಳದಲ್ಲಿ ನೀರಿಗೆ, ಇನ್ನೊಂದರಲ್ಲಿ ಶೇಂಗಾ ಎಣ್ಣೆಗೆ ಹಾಕಿ ಸ್ವಲ್ಪ ಬಿಸಿ ಮಾಡುವುದು. ಎಣ್ಣೆ ಕೆಂಪಗೆ ಹೊಳೆಯುತ್ತದೆ, ನೀರಿಗೆ ಅಷ್ಟು ಬಣ್ಣ ಬರುವುದಿಲ್ಲ. ಯಾಕೆಂದರೆ ಆ ಕೆಂಪು ಬಣ್ಣ ಕೊಡುವ ಕ್ಯಾಪ್ಸಾಂಥಿನ್ ಗಜ್ಜರಿಯ ಬಣ್ಣದ ಬಳಗದ್ದು, ಎಣ್ಣೆಯಲ್ಲಿ ಕರಗುವಂಥದ್ದು. ಒಗ್ಗರಣೆ ನೋಡಿದ ಪ್ರತಿ ಮಗುವಿಗೂ ಇದು ಅರ್ಧ ಗೊತ್ತು. ಬ್ಯಾಡಗಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ ಅನ್ನುವುದೂ ಗೊತ್ತು. ಕರಗುವಿಕೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಶುರು ನನಗೆ ಸಿಕ್ಕಿಲ್ಲ.

ಇನ್ನೊಂದು ಸಲ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್. 2023ರಲ್ಲಿ ಉದ್ಘಾಟನೆಯಾದ, ಜಗತ್ತಿನಲ್ಲೇ ಉದ್ದದ್ದು ಅಂತ ನಾವೆಲ್ಲ ಹೇಳಿಕೊಳ್ಳುವ ಪ್ಲಾಟ್‌ಫಾರ್ಮಿನ ಒಂದು ತುದಿಗೆ ಸೂರ್ಯ, ಇನ್ನೊಂದು ತುದಿಗೆ ನೆಪ್ಚೂನ್ ಇಟ್ಟರೆ ಉಳಿದದ್ದೆಲ್ಲ ಎಲ್ಲಿ ಬರುತ್ತದೆ? ಸೂರ್ಯ ಸುಮಾರು 46 ಸೆಂಟಿಮೀಟರ್ ಅಗಲ, ಅಂದರೆ ಒಂದು ದೊಡ್ಡ ಪರಾತ. ಭೂಮಿ 50 ಮೀಟರ್ ದೂರದಲ್ಲಿ ಒಂದು ಜೋಳದ ಕಾಳು. ಗುರು 260 ಮೀಟರ್ ಆಚೆ ಒಂದು ನಿಂಬೆಹಣ್ಣು. ಈ ಅಳತೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ 10 ಸೆಂಟಿಮೀಟರ್! ಪರಾತದಿಂದ ಜೋಳದ ಕಾಳಿಗೆ ಎಂಟು ನಿಮಿಷ ಚಿಲ್ಲರೆ, ನೆಪ್ಚೂನ್ ತನಕ ನಾಲ್ಕು ಗಂಟೆಯ ಮೇಲೆ. ಹುಬ್ಬಳ್ಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಲು ನನಗೆ ಆಗಲಿಲ್ಲ. ನಮ್ಮ ಶಾಲೆಯ ಗೇಟಿನಿಂದ ಬಸ್ ಸ್ಟ್ಯಾಂಡ್ ದಾಟಿ ಹಳ್ಳದ ತನಕ ಅಳೆದು ಮಾಡಿದೆವು. ನೆಪ್ಚೂನ್ ಹಿಡಿದುಕೊಂಡ ಹುಡುಗಿ ಹಳ್ಳದ ಹತ್ತಿರ ನಿಂತಿದ್ದಳು, ನಮಗೆ ಅವಳು ಕಾಣಲೇ ಇಲ್ಲ.

ಮೂರನೇ ಪುಟ ಸಮುದಾಯದ ಸುದ್ದಿ. ವರ್ಗಾವಣೆ, ನಿವೃತ್ತಿ, ಯಾವ ಶಾಲೆಗೆ ಹೊಸ ಲ್ಯಾಬ್ ಬಂತು, ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದವರ ಅನುಭವ, ಇಂಥವು. ಇಲ್ಲಿ ನನ್ನ ತಕರಾರು ಇದೆ. ಸನ್ಮಾನದ ಫೋಟೋಗಳು ಬಹಳ ಆದವು. ಶಾಲು, ಹಾರ, ಹಣ್ಣಿನ ಬುಟ್ಟಿ, ಸಾಲಾಗಿ ನಿಂತ ಹನ್ನೆರಡು ಜನ. ಒಂದು ಸಂಚಿಕೆಯಲ್ಲಿ ಅರ್ಧ ಪುಟ ಇದಕ್ಕೇ ಹೋಗಿತ್ತು. 32 ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಒಬ್ಬರ ಬಗ್ಗೆ ಫೋಟೋ ಮಾತ್ರ ಹಾಕಿ ಎರಡು ಸಾಲು ಬರೆದರೆ ಹೇಗೆ? ಅವರು ಬೆಳಕಿನ ವಕ್ರೀಭವನವನ್ನು ಹೇಗೆ ಕಲಿಸುತ್ತಿದ್ದರು, ಯಾವ ಪ್ರಯೋಗ ಅವರ ಕೈಯಲ್ಲಿ ಯಾವತ್ತೂ ತಪ್ಪುತ್ತಿರಲಿಲ್ಲ, ಅದನ್ನು ಕೇಳಿ ಬರೆಯಬೇಕಿತ್ತು. ಅವರು ಹೋದ ಮೇಲೆ ನಮಗೆ ಉಳಿಯುವುದು ಅದೊಂದೇ. ಇದನ್ನು ಪತ್ರ ಬರೆದು ಹೇಳಿದ್ದೇನೆ. ಎರಡು ತಿಂಗಳಿಂದ ಸ್ವಲ್ಪ ಬದಲಾಗಿದೆ.

ನಾಲ್ಕನೇ ಪುಟದ ಕೆಳಗೆ "ನನ್ನಲ್ಲಿದೆ, ನನಗೆ ಬೇಕು" ಅಂತ ಒಂದು ಚಿಕ್ಕ ಚೌಕ. ಇದು ಚಿಕ್ಕದಾದರೂ ಕೆಲಸ ದೊಡ್ಡದು. ಒಬ್ಬರ ಶಾಲೆಯಲ್ಲಿ ಬೀಕರ್ ಜಾಸ್ತಿ ಇವೆ, ಇನ್ನೊಬ್ಬರ ಹತ್ತಿರ ಎರಡು ಅಸ್ಥಿಪಂಜರ ಇವೆ, ಮತ್ತೊಬ್ಬರಿಗೆ ದಂಡಕಾಂತ ಬೇಕು. ನನಗೆ ಈರುಳ್ಳಿ ಸಿಪ್ಪೆ ತೋರಿಸಲು ಮೈಕ್ರೋಸ್ಕೋಪ್ ಬೇಕಿತ್ತು, ನಮ್ಮದು ಕೆಟ್ಟು ಕೂತಿತ್ತು. ಗದಗ ಹತ್ತಿರದ ಒಬ್ಬ ಟೀಚರು ಎರಡು ವಾರಕ್ಕೆ ಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. 41 ಮಕ್ಕಳು ಸಾಲು ಹಚ್ಚಿ ಜೀವಕೋಶ ನೋಡಿದರು. ಅದುವರೆಗೆ ಅವರು ಜೀವಕೋಶದ ಚಿತ್ರವನ್ನಷ್ಟೇ ಬಿಡಿಸಿದ್ದರು.

ಶನಿವಾರದ ಸಭೆಗಳ ಬಗ್ಗೆ. ಶನಿವಾರ ನಮಗೆ ಬೆಳಗಿನ ಶಾಲೆ, ಹಾಗಾಗಿ ಮಧ್ಯಾಹ್ನ 3ಕ್ಕೆ ಇಟ್ಟುಕೊಂಡಿದ್ದಾರೆ. ಸಾಮಾನ್ಯವಾಗಿ ಧಾರವಾಡದಲ್ಲಿ. ಶಾಲೆ ಬಿಟ್ಟು ಬಸ್ ಹಿಡಿದು ಹುಬ್ಬಳ್ಳಿ, ಅಲ್ಲಿಂದ ಚಿಗರಿ ಬಸ್ಸಿನಲ್ಲಿ ಧಾರವಾಡ. ಸಭೆ ಮುಗಿಸಿ ಮನೆ ಸೇರುವಾಗ ರಾತ್ರಿ 9. ಚಿಕ್ಕ ಮಕ್ಕಳಿರುವ ಟೀಚರುಗಳಿಗೆ ಇದು ಬಹಳ ಕಷ್ಟ. ನಾನು ಹೋದ ಮೂರು ಸಭೆಗಳಲ್ಲಿ ಒಂದು ಪೂರ್ತಿ ವ್ಯರ್ಥವಾಯಿತು. ಅತಿಥಿ ಬರುವುದು ತಡ, ಆಮೇಲೆ ಸ್ವಾಗತ, ಪುಷ್ಪಾರ್ಪಣೆ, ಅಧ್ಯಕ್ಷರ ಮಾತು. ಪ್ರಯೋಗ ತೋರಿಸಬೇಕಿದ್ದವರಿಗೆ ಕೊನೆಗೆ ಉಳಿದದ್ದು ಹದಿನೈದು ನಿಮಿಷ, ಅಷ್ಟರಲ್ಲಿ ನನಗೆ ಬಸ್ಸಿನ ಹೊತ್ತಾಗಿತ್ತು. ಎರಡು ತಿಂಗಳಿಗೊಮ್ಮೆ ಸಿಗುವ ಎರಡೂವರೆ ತಾಸು ಅದು. ಅದನ್ನು ಭಾಷಣಕ್ಕೆ ಕೊಡಬಾರದು. ಇನ್ನೊಂದು ಸಭೆ ಚೆನ್ನಾಗಿತ್ತು, ಗಿರ್ಮಿಟ್ ತಿನ್ನುತ್ತಾ ಎಂಟು ಜನ ವಿದ್ಯುತ್ ಪಾಠದ ಸಂಶಯಗಳನ್ನು ಒಂದೊಂದಾಗಿ ಬಿಡಿಸಿಕೊಂಡೆವು. ಪಿಸಿಎಂ ಇಲ್ಲದ ಶಾಲೆ ನನ್ನದೊಂದೇ ಅಂದುಕೊಂಡಿದ್ದೆ. ಎಂಟರಲ್ಲಿ ಮೂವರು ನನ್ನ ಹಾಗೇ ಇದ್ದರು.

ಎಲ್ಲಕ್ಕಿಂತ ಒಳ್ಳೆಯದು ಜನವರಿಯಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯ ದಂಡೆಯಲ್ಲಿ ನಡೆದದ್ದು. 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಕೆರೆ ಅದು, ನಮ್ಮ ಊರಿಗೆ ಹತ್ತಿರ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಇಪ್ಪತ್ತು ಜನ ಶಿಕ್ಷಕರು ಬಂದಿದ್ದರು. ಭಾಷಣ ಇಲ್ಲ, ಕುರ್ಚಿ ಇಲ್ಲ. ಹಕ್ಕಿ ಎಣಿಸುವುದು ಹೇಗೆ ಅಂತ ಕಲಿತೆವು: ಮೊದಲು ಹತ್ತನ್ನು ಸರಿಯಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆ ಅಂತ ಕಣ್ಣಿಗೆ ಹಚ್ಚಿಕೊಂಡು, ಅಂಥ ತುಂಡುಗಳು ಎಷ್ಟಿವೆ ನೋಡುವುದು. ಮೂವರು ಬೇರೆ ಬೇರೆ ಎಣಿಸಿ ತಾಳೆ ಹಾಕುವುದು. ಸಂಜೆ ಅವು ಎಲ್ಲ ಒಮ್ಮೆಲೇ ಎದ್ದು ಹೊಲಗಳ ಕಡೆ ಮೇಯಲು ಹೋದಾಗ ಯಾರೂ ಮಾತಾಡಲಿಲ್ಲ. ಮುಂದಿನ ಶನಿವಾರ ನಾನು ನನ್ನ ಮಕ್ಕಳನ್ನು ಕರೆದುಕೊಂಡು ಹೋದೆ.

ಕೊರತೆಗಳು ಇನ್ನೂ ಇವೆ, ಮುಚ್ಚಿಡುವುದಿಲ್ಲ. ಹಾವೇರಿಯ ಸುದ್ದಿ ತೀರಾ ಕಡಿಮೆ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇಟ್ಟುಕೊಂಡು ಒಂದು ವರ್ಷದಲ್ಲಿ ಒಂದೇ ಒಂದು ಲೇಖನವೂ ಬರಲಿಲ್ಲ. ಭೌತಶಾಸ್ತ್ರ, ಖಗೋಳ ಜಾಸ್ತಿ, ಜೀವಶಾಸ್ತ್ರ ಕಡಿಮೆ. ಅಕ್ಷರ ಬಹಳ ಸಣ್ಣದು. ಮುದ್ರಣಕ್ಕೆ ಹೆಸರಾದ ಗದಗಿನಲ್ಲೇ ಅಚ್ಚಾಗುವ ಪತ್ರದ ಅಕ್ಷರ ಓದಲು ಕನ್ನಡಕ ಒರೆಸಿಕೊಳ್ಳಬೇಕೇ? ಫೋಟೋ ಬಿಟ್ಟು ಅಕ್ಷರ ದೊಡ್ಡದು ಮಾಡಬಹುದು. ಒಂದು ಸಲ ದಿನಾಂಕವೇ ತಪ್ಪಾಗಿತ್ತು, 13 ಆಗಬೇಕಾದಲ್ಲಿ 18. ನಾನು ಮೂರು ಮಕ್ಕಳನ್ನು ಕರೆದುಕೊಂಡು ಗದಗಿಗೆ ಹೋದೆ, ಅಲ್ಲಿ ಬಾಗಿಲು ಹಾಕಿತ್ತು. ದಿನಾಂಕವೇ ಜೀವ ಆಗಿರುವ ಪತ್ರದಲ್ಲಿ ಅದು ಸಣ್ಣ ತಪ್ಪಲ್ಲ. ಫೋನ್ ಮಾಡಿದೆ, ಸಿಟ್ಟಿನಲ್ಲೇ ಮಾತಾಡಿದೆ. ಮುಂದಿನ ಸಂಚಿಕೆಯ ಮೊದಲ ಪುಟದ ತುದಿಯಲ್ಲಿ ದಪ್ಪ ಅಕ್ಷರದಲ್ಲಿ ತಪ್ಪೊಪ್ಪಿಗೆ ಹಾಕಿದರು. ಆಗಿನಿಂದ ಪ್ರತಿ ದಿನಾಂಕದ ಪಕ್ಕ ವಾರವನ್ನೂ ಹಾಕುತ್ತಿದ್ದಾರೆ, ಸೋಮವಾರ, ಮಂಗಳವಾರ ಅಂತ. ವಾರ ಮತ್ತು ದಿನಾಂಕ ಹೊಂದದಿದ್ದರೆ ಓದುವವರಿಗೇ ಗೊತ್ತಾಗುತ್ತದೆ.

ಯಾರು ತರಿಸಬೇಕು? ಪೇಟೆಯ ದೊಡ್ಡ ಶಾಲೆಯಲ್ಲಿ ನಾಲ್ಕು ಜನ ವಿಜ್ಞಾನ ಶಿಕ್ಷಕರಿದ್ದರೆ, ಒಂದು ಪ್ರತಿ ಎಲ್ಲರಿಗೂ ಸಾಕು. ಒಬ್ಬರೇ ಇರುವ ಶಾಲೆಯವರು ಸುಮ್ನೆ ಯೋಚನೆ ಮಾಡುತ್ತಾ ಕೂರಬೇಡಿ, ಕಟ್ಟಿಬಿಡಿ. ಹಿರಿಯ ಪ್ರಾಥಮಿಕದ ವಿಜ್ಞಾನ ಶಿಕ್ಷಕರಿಗೆ ಅರ್ಧ ಉಪಯೋಗ, ಪ್ರಯೋಗದ ಪುಟ ಪೂರ್ತಿ ಉಪಯೋಗ. ನಾನಂತೂ ಎರಡನೇ ವರ್ಷಕ್ಕೆ ಕಟ್ಟಿದ್ದೇನೆ.

ಈ ತಿಂಗಳ ಸಂಚಿಕೆಯಲ್ಲಿ 2027ರ ಆಗಸ್ಟ್ 2ರ ಸೂರ್ಯಗ್ರಹಣದ ಸೂಚನೆ ಆಗಲೇ ಬಂದಿದೆ. ನಮಗೆ ಕಾಣುವುದು ಪಾರ್ಶ್ವ ಗ್ರಹಣ, ಸಂಜೆಯ ಕಡೆ, ಮತ್ತೆ ಮಳೆಗಾಲ. ಮೂರನೇ ಕಾಲಂನಲ್ಲಿ ಬರೆದಿದ್ದಾರೆ: ಗ್ರಹಣ ನೋಡುವ ಕನ್ನಡಕಕ್ಕೆ ಎಷ್ಟು ಮಕ್ಕಳು ಅಂತ ಈಗಲೇ ಲೆಕ್ಕ ಕೊಡಿ, ಒಟ್ಟಿಗೆ ತರಿಸಿದರೆ ಕಡಿಮೆಗೆ ಬರುತ್ತದೆ. ನಾನು 120 ಅಂತ ಬರೆದು ಕಳಿಸಿದೆ. ಅದೇ ಲಕೋಟೆಯಲ್ಲಿ ಚೌಕಕ್ಕೆ ಒಂದು ಸಾಲು ಹಾಕಿದ್ದೇನೆ: ನಮ್ಮ ಮೈಕ್ರೋಸ್ಕೋಪ್ ರಿಪೇರಿಯಾಗಿದೆ, ಬೇಕಾದವರು ಬಂದು ಒಯ್ಯಬಹುದು.